ಚಪ್ಪಲಿ ಜಾರಿದ್ದು ತಿಳಿಯದ ಕಾಲು

"ಚಪ್ಪಲ್ ಜಾರಿ ಹಿಂದ ಉಳದ್ರೂ ಗೊತ್ತಾಗಲ್ರೀ ಸರ, ಇಕಿನೇ ಕೂಗಿ ಹೇಳ್ಬೇಕು." ಸೇಡಂ ಕಡೆಯಿಂದ ಕಲಬುರಗಿಗೆ, ವೈದ್ಯನಾದ ನನ್ನ ಬಳಿ ತೋರಿಸಲು ಬಂದಿದ್ದ, ನಲವತ್ತು ದಾಟಿದ ರೈತರೊಬ್ಬರು ಹೆಂಡತಿಯತ್ತ ನೋಡಿ ಹೇಳಿದರು. ಯಾವಾಗಿನಿಂದ ಎಂದರೆ ದಿನ ಹೇಳಲಾಗಲಿಲ್ಲ. ಪ್ರಶ್ನೆ ಬದಲಿಸಿದೆ: ಹೋದ ವರ್ಷ ಶರಣಬಸವೇಶ್ವರ ಜಾತ್ರೆಯಲ್ಲಿ ಎಷ್ಟು ನಡೆದಿರಿ? "ಬಸ್ ಸ್ಟ್ಯಾಂಡಿಂದ ಗುಡಿ ತನಾ ನಡದಿದ್ನ್ರೀ. ಈ ವರ್ಷ ನಡುವ ಎರಡ ಸಲ ಕುಂತೆ."

ಹೀಗೆ ನಡಿಗೆ ನಿಧಾನವಾಗಿ ಕುಗ್ಗಲು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ರೋಗ ಒಂದು ಕಾರಣ. ಇದರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಮೆದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ಹಾಳುಮಾಡುತ್ತದೆ. ಸುಮಾರು ನೂರಕ್ಕೆ 85 ಜನರಲ್ಲಿ ಇದು ದಾಳಿಯಾಗಿ ಶುರುವಾಗುತ್ತದೆ: ಉದಾಹರಣೆಗೆ, ಒಂದು ಕಣ್ಣು ಮಂಜಾಗುತ್ತದೆ, ಕೆಲವು ವಾರಗಳಲ್ಲಿ ತಿಳಿಯಾಗುತ್ತದೆ. ಇವರಲ್ಲಿ ಕೆಲವರಿಗೆ ವರ್ಷಗಳ ನಂತರ ದಾಳಿಗಳು ವಿರಳವಾಗಿ, ನಡಿಗೆ ಮಾತ್ರ ಕುಗ್ಗುತ್ತ ಹೋಗುತ್ತದೆ. ಇದು ಸೆಕೆಂಡರಿ ಪ್ರೋಗ್ರೆಸಿವ್ ಎಂಬ ಬಗೆ. ದಾಳಿ ನಿಂತಿತಲ್ಲ ಎಂದು ಮನೆಯವರು ಸಮಾಧಾನಪಡುವ ಹೊತ್ತಿನಲ್ಲೇ ಇದು ಬೇರೂರಿರುತ್ತದೆ. ಯಾವಾಗ ತಿರುಗಿತೆಂದು ಯಾವ ಸ್ಕ್ಯಾನೂ ಹೇಳುವುದಿಲ್ಲ, ಹಿಂತಿರುಗಿ ನೋಡಿದಾಗಲೇ ಗೊತ್ತಾಗುವುದು.

ಇನ್ನೊಂದು ಬಗೆ ಪ್ರೈಮರಿ ಪ್ರೋಗ್ರೆಸಿವ್. ಇದರಲ್ಲಿ ದಾಳಿಯಿಲ್ಲದೆ ಮೊದಲಿನಿಂದಲೇ ಇಳಿಜಾರು. ಸಾಮಾನ್ಯವಾಗಿ ನಲವತ್ತರ ಆಸುಪಾಸಿನಲ್ಲಿ, ಹೆಚ್ಚಾಗಿ ಕಾಲುಗಳ ಬಿಗಿತದಿಂದ ಶುರು. ದಾಳಿಯ ಬಗೆ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಇಲ್ಲಿ ಗಂಡು ಹೆಣ್ಣು ಹೆಚ್ಚುಕಡಿಮೆ ಸಮ. ಕನಿಷ್ಠ ಒಂದು ವರ್ಷ ತೊಂದರೆ ಏರುತ್ತ ಬಂದ ಕಥೆ ಇಲ್ಲದೆ ಈ ಹೆಸರು ಕೊಡುವಂತಿಲ್ಲ. ಕೊಡುವ ಮೊದಲು ಬಿ12 ಕೊರತೆ, ಕುತ್ತಿಗೆಯಲ್ಲಿ ಬೆನ್ನುಹುರಿ ಒತ್ತಿದ್ದು, ಬೆನ್ನುಮೂಳೆಯ ಟಿಬಿ ಇವನ್ನೆಲ್ಲ ನೋಡಲೇಬೇಕು. ಅವುಗಳಿಗೆ ಬೇರೆಯೇ ಚಿಕಿತ್ಸೆಯಿದೆ, ತಡಮಾಡಿದರೆ ಕಾಲಿನ ಶಕ್ತಿಯೇ ಹೋಗಬಹುದು.

ಎರಡೂ ಬಗೆಗಳಲ್ಲಿ ವರ್ಷಗಟ್ಟಲೆ ನಿಂತ ನೀರಿನಂತಿರುವ ಕಾಲವೂ ಬರಬಹುದು, ನಡುವೆ ದಾಳಿಯೂ ಆಗಬಹುದು. ಅದಕ್ಕೇ ಹೆಸರಿನ ಜೊತೆ ಎರಡು ಮಾತು ಬರೆಯುತ್ತೇವೆ: ಹೊಸ ಉರಿಯೂತ ಇದೆಯೇ, ನಡಿಗೆ ಕುಗ್ಗುತ್ತಿದೆಯೇ. ಔಷಧಿಯ ಆಯ್ಕೆ ಇದರ ಮೇಲೆ ನಿಂತಿದೆ. ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಪಡೆದ ಒಕ್ರೆಲಿಜುಮಾಬ್ ಪ್ರೈಮರಿ ಬಗೆಗೆ ಸಿಕ್ಕ ಮೊದಲ ಔಷಧಿ. ಅದು ಇಳಿತವನ್ನು ನಿಧಾನಿಸುತ್ತದೆ, ಕಳೆದ ಶಕ್ತಿ ಮರಳಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಬಿಸಿಲಿನದು ಬೇರೆಯೇ ಕಥೆ. ಮೇ ತಿಂಗಳಲ್ಲಿ ಮೈ ಕಾದರೆ ಹೊದಿಕೆ ಕಳೆದುಕೊಂಡ ನರದಲ್ಲಿ ಸಂದೇಶ ಸಾಗುವುದಿಲ್ಲ. ಕಾಲು ಸೋಲುತ್ತದೆ, ಮೈ ತಣಿದರೆ ಮರಳುತ್ತದೆ. ರೋಗ ಹೆಚ್ಚಿತೆಂದು ಎಷ್ಟೋ ಜನ ಹೆದರಿ ಓಡಿ ಬರುತ್ತಾರೆ. ಅದಕ್ಕೇ ನಡಿಗೆ ಅಳೆಯುವುದು ತಂಪು ಹೊತ್ತಿನಲ್ಲಿ.

ಆ ರೈತರ ಹೆಂಡತಿ ಈಗ ತಿಂಗಳಿಗೊಮ್ಮೆ, ಬೆಳಗಿನ ಆರಕ್ಕೆ, ಮನೆಯಿಂದ ಹೊಲದ ಬದುವಿನವರೆಗೆ ಅವರು ಎಷ್ಟು ಸಲ ಕೂತರೆಂದು ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ. ಬರುವಾಗ ಆ ಹಾಳೆಯನ್ನೇ ಹರಿದು ತರುತ್ತಾರೆ.