ಪಾಸ್‌ಬುಕ್‌ನಲ್ಲಿರುವ ಬ್ಯಾಂಕ್ ಈಗಿಲ್ಲ, ಹಣ ಇದೆ

ಶನಿವಾರ ನಾವು ಒಟ್ಟಿಗೆ ಕೂತು ಓದುವಾಗ ಬರಲಾಗದವರು ಆ ದಿನದ ಪಾಠ ಏನು ಅಂತ ಕೇಳಿದ್ದರು, ಅದಕ್ಕೇ ಬರೆಯುತ್ತಿದ್ದೇನೆ. ಯಾರೂ ಕೇಳದೆ ಬ್ಯಾಂಕಿನಲ್ಲೇ ಉಳಿದ ಹಣದ ಪಾಠ ಇದು. ಮೂಡಿಗೆರೆ ಮನೆಯ ಅಟ್ಟದಲ್ಲಿ ಅಜ್ಜನ ಪಾಸ್‌ಬುಕ್ ಸಿಕ್ಕಾಗ ಅಪ್ಪ ಅದನ್ನ ಹಿಡಿದುಕೊಂಡು ಒಂದು ಶಾಖೆಗೆ ಹೋಗಿದ್ದರು, ಅಲ್ಲಿ "ಆ ಬ್ಯಾಂಕೇ ಈಗಿಲ್ಲ" ಅಂದರಂತೆ, ಅಪ್ಪ ನಂಬಿ ವಾಪಸ್ ಬಂದು ಮತ್ತೆ ಟ್ರಂಕಿಗೇ ಹಾಕಿಬಿಟ್ಟರು. ನನಗೆ ಈಗಲೂ ಸಂಕಟ ಆಗುತ್ತದೆ. ಬ್ಯಾಂಕಿನ ಹೆಸರು ಹೋಗಬಹುದು, ಖಾತೆ ಹೋಗುವುದಿಲ್ಲ.

ಹಾಗಾಗಿ ಮೊದಲು ಇವತ್ತಿನ ಹೆಸರು ಹುಡುಕಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ. ನಮ್ಮದೇ ಚಿಕ್ಕಮಗಳೂರು-ಕೊಡಗು ಗ್ರಾಮೀಣ ಬ್ಯಾಂಕ್ 2012ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕ್ ಆಯ್ತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯ್ತು. ಹಳೇ ಪಾಸ್‌ಬುಕ್ ಹಿಡಿದು ಈ ಹೊಸ ಹೆಸರಿನ ಶಾಖೆಗೆ ಹೋಗಬೇಕು.

ಎರಡು ಗಡುವು ನೆನಪಿಡಿ. ಖಾತೆದಾರರು 2 ವರ್ಷ ಏನೂ ವಹಿವಾಟು ಮಾಡದಿದ್ದರೆ ಖಾತೆ ನಿಷ್ಕ್ರಿಯ ಆಗುತ್ತದೆ. 10 ವರ್ಷ ಆದರೆ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. ಸರ್ಕಾರ ನುಂಗಿತು ಅಂತ ತುಂಬ ಜನ ಕೈಬಿಡುವುದು ಇಲ್ಲೇ, ಆದರೆ ಆಮೇಲೂ ಯಾವಾಗ ಬೇಕಾದರೂ ಕೇಳಬಹುದು. ಬಡ್ಡಿ ಬರುವ ಖಾತೆಯಾದರೆ ನಿಧಿಯಲ್ಲಿರುವಾಗಲೂ ಬಡ್ಡಿ ಉಂಟು, 2021ರ ಮೇ 11ರಿಂದ ವರ್ಷಕ್ಕೆ 3% ಸರಳ ಬಡ್ಡಿ.

ಹುಡುಕಲು 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಉದ್ಗಮ್ ಅನ್ನುವ ಪೋರ್ಟಲ್ ಶುರು ಮಾಡಿತು. ಮೊಬೈಲ್ ನಂಬರಿನಲ್ಲಿ ನೋಂದಾಯಿಸಿ, ಖಾತೆದಾರರ ಹೆಸರು ಹಾಕಿ, ಜೊತೆಗೆ ಪ್ಯಾನ್, ವೋಟರ್ ಐಡಿ, ಹುಟ್ಟಿದ ದಿನ ಇಂಥದ್ದೊಂದು ಕೊಟ್ಟು ಹುಡುಕಬೇಕು. ಸಿಗಲಿಲ್ಲ ಅಂತ ಒಂದೇ ಸಲಕ್ಕೆ ಬಿಡಬೇಡಿ. ನಮ್ಮ ಹೆಸರುಗಳದ್ದೇ ತೊಂದರೆ: ಗೌಡ ಅನ್ನೋದನ್ನ ಸೇರಿಸಿ ಬರೆದಿರುತ್ತಾರೆ, ಬಿಡಿಸಿ ಬರೆದಿರುತ್ತಾರೆ, ಇನಿಷಿಯಲ್ ಒಮ್ಮೆ ಮುಂದೆ ಒಮ್ಮೆ ಹಿಂದೆ, ಇಂಗ್ಲಿಷ್ ಅಕ್ಷರ ಒಂದು ಜಾಸ್ತಿ ಒಂದು ಕಮ್ಮಿ. ಪಾಸ್‌ಬುಕ್‌ನಲ್ಲಿ ಹೇಗಿದೆಯೋ ಹಾಗೇ ಹಾಕಿ ನೋಡಿ, ಆಮೇಲೆ ಬೇರೆ ಥರ. ಇನ್ನೊಂದು, ಉದ್ಗಮ್‌ನಲ್ಲಿ ಬರುವುದು ನಿಧಿಗೆ ಹೋದ ಹಣ ಮಾತ್ರ, ಅದೂ ಅಲ್ಲಿ ಸೇರಿರುವ ಬ್ಯಾಂಕುಗಳದ್ದು. ನಾಲ್ಕೈದು ವರ್ಷದಿಂದ ಮುಟ್ಟದ ಖಾತೆಗೆ ನೇರವಾಗಿ ಶಾಖೆಗೇ ಹೋಗಬೇಕು.

ಹಣ ಕೊಡುವುದೂ ಬ್ಯಾಂಕೇ, ಪೋರ್ಟಲ್ ಅಲ್ಲ. ಖಾತೆದಾರರು ಬದುಕಿದ್ದರೆ ಆಧಾರ್, ಪ್ಯಾನ್, ಫೋಟೊ ಕೊಟ್ಟು ಕೆವೈಸಿ, ಅಂದರೆ ಗುರುತು-ವಿಳಾಸದ ಪರಿಶೀಲನೆ, ಮಾಡಿಸಿದರೆ ಸಾಕು, ಖಾತೆ ಮತ್ತೆ ಶುರು ಮಾಡಲು ಶುಲ್ಕ ಇಲ್ಲ. ತೀರಿಕೊಂಡಿದ್ದರೆ ಮರಣ ಪತ್ರ, ನಾಮಿನಿಯ ಗುರುತು ಚೀಟಿ. ನಾಮಿನಿ ಇಲ್ಲದಿದ್ದರೆ ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕಾಗುತ್ತದೆ. ನಾಮಿನಿ ಅಂದರೆ ಮಾಲೀಕ ಅಲ್ಲ ಅನ್ನೋದನ್ನ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಹಣ ತೆಗೆದುಕೊಳ್ಳುವುದು ಅವರು, ಪಾಲು ಎಲ್ಲ ವಾರಸುದಾರರದ್ದು. ನಮ್ಮತ್ತೆಯರನ್ನ ಸಕಲೇಶಪುರ, ಬೇಲೂರಿನಿಂದ ಕರೆಸಿ ಸಹಿ ಹಾಕಿಸಲು ಎರಡು ತಿಂಗಳು ಹಿಡಿಯಿತು. ಅರ್ಜಿಯನ್ನ ಕೈಗೆ ಕೊಟ್ಟು ಸುಮ್ನೆ ಬರಬೇಡಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಬ್ಯಾಂಕಿಗೆ ಬರೆದು ದೂರು ಕೊಟ್ಟು 30 ದಿನ ಆದರೂ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ ಹತ್ತಿರ ಹೋಗಬಹುದು.

ಹಣ ಬಿಡಿಸಿಕೊಡುತ್ತೇವೆ, ಪರ್ಸೆಂಟೇಜ್ ಕೊಡಿ ಅನ್ನುವವರು ಬರುತ್ತಾರೆ. ಬೇಡ. ಓಟಿಪಿ ಅಂತೂ ಯಾರಿಗೂ ಹೇಳಬೇಡಿ.

ಎಲ್‌ಐಸಿ ಪಾಲಿಸಿ, ಷೇರಿನ ಡಿವಿಡೆಂಡ್‌ಗೆ ದಾರಿ ಬೇರೆ, ಅದು ಮುಂದಿನ ವಾರಕ್ಕೆ. ಬರುವಾಗ ಮನೆಯ ಹಳೇ ಪಾಸ್‌ಬುಕ್, ಎಫ್‌ಡಿ ರಸೀದಿ ಏನಿದ್ದರೂ ತನ್ನಿ, ಹರಿದಿದ್ದರೂ ಪರವಾಗಿಲ್ಲ, ಹೆಸರೂ ಶಾಖೆಯೂ ಓದುವ ಹಾಗಿದ್ದರೆ ಅಲ್ಲೇ ಕೂತು ಹುಡುಕೋಣ.