ಕೊಲೆಸ್ಟ್ರಾಲ್ ಬೆನ್ನು ಯಾಕೆ ನುಣುಪು?

2021ರಲ್ಲಿ ಬ್ಲ್ಯಾಕ್ ಫಂಗಸ್ ಹಬ್ಬಿದಾಗ ಆಂಫೊಟೆರಿಸಿನ್-ಬಿ ಇಂಜೆಕ್ಷನ್‌ಗಾಗಿ ಕರ್ನಾಟಕದಲ್ಲೂ ಜನ ಪರದಾಡಿದ್ದು ನೆನಪಿದೆ ಅಲ್ವಾ? ಆ ಔಷಧ ಕೆಲಸ ಮಾಡುವುದು ಒಂದು ಸಣ್ಣ ವ್ಯತ್ಯಾಸ ಹಿಡಿದು. ನಮ್ಮ ಜೀವಕೋಶದ ಪೊರೆಯಲ್ಲಿರುವುದು ಕೊಲೆಸ್ಟ್ರಾಲ್, ಫಂಗಸ್‌ನ ಪೊರೆಯಲ್ಲಿರುವುದು ಎರ್ಗೊಸ್ಟೆರಾಲ್. ಎರಡೂ ಸ್ಟೆರಾಲ್ ಎಂಬ ಕೊಬ್ಬಿನ ಜಾತಿಯ ಅಣುಗಳೇ, ಅಣ್ಣತಮ್ಮಂದಿರ ಹಾಗೆ.

ಕೊಲೆಸ್ಟ್ರಾಲ್ ಮೊದಲು ಸಿಕ್ಕಿದ್ದು 18ನೇ ಶತಮಾನದಲ್ಲಿ, ಪಿತ್ತಕೋಶದ ಕಲ್ಲಿನಲ್ಲಿ. ಸ್ಟೆರಾಲ್‌ಗಳ ರಚನೆಯ ಕೆಲಸಕ್ಕೆ ಜರ್ಮನಿಯ ಅಡಾಲ್ಫ್ ವಿಂಡೌಸ್‌ಗೆ 1928ರ ನೊಬೆಲ್ ಬಂತು. ತಮಾಷೆ ಅಂದರೆ, ಆಗ ಎಲ್ಲರೂ ಒಪ್ಪಿದ್ದ ರಚನೆ ತಪ್ಪು! 1932ರಲ್ಲಿ ಬ್ರಿಟನ್ನಿನ ವಿಜ್ಞಾನಿ ಜೆ. ಡಿ. ಬರ್ನಾಲ್ ಸ್ಟೆರಾಲ್ ಹರಳುಗಳಿಗೆ ಎಕ್ಸ್-ರೇ ಹಾಯಿಸಿ ನೋಡಿದರು. ಅಣು ಉದ್ದಕ್ಕೆ, ತೆಳ್ಳಗೆ ಇತ್ತು. ಕಾಗದದ ಮೇಲಿನ ಚಿತ್ರ ಅದಕ್ಕೆ ಹೊಂದಲೇ ಇಲ್ಲ. ಅದೇ ವರ್ಷ ನಾಲ್ಕು ಉಂಗುರಗಳ ಸರಿಯಾದ ಚಿತ್ರ ಬಂತು.

ಆ ಚಪ್ಪಟೆ ಆಕಾರದಲ್ಲೇ ಗುಟ್ಟಿದೆ. ಪೊರೆ ಅಂದರೆ ಎರಡು ಸಾಲು ಕೊಬ್ಬಿನ ಅಣುಗಳು, ಬಾಲಕ್ಕೆ ಬಾಲ ಕೊಟ್ಟು ನಿಂತಿರುತ್ತವೆ. ಬಾಲಗಳು ಸುಮ್ನೆ ಇರುವುದಿಲ್ಲ, ಒದ್ದಾಡುತ್ತಿರುತ್ತವೆ. ಕೊಲೆಸ್ಟ್ರಾಲ್ ನಡುವೆ ತೂರಿಕೊಂಡು ತನ್ನ ಗಟ್ಟಿ, ನುಣುಪು ಬೆನ್ನನ್ನು ಅವಕ್ಕೆ ಆನಿಸುತ್ತದೆ. ಬಾಲಗಳು ನೆಟ್ಟಗಾಗುತ್ತವೆ, ಪೊರೆ ಒತ್ತಾಗುತ್ತದೆ, ಸೋರುವುದು ಕಡಿಮೆಯಾಗುತ್ತದೆ. ಹಾಗಂತ ಚಳಿಗೆ ತುಪ್ಪದ ಹಾಗೆ ಹೆಪ್ಪುಗಟ್ಟಲೂ ಬಿಡುವುದಿಲ್ಲ.

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಕೇಳಿದವರು ಕೊನ್ರಾಡ್ ಬ್ಲಾಕ್. ದೇಹ ಕೊಲೆಸ್ಟ್ರಾಲ್ ತಯಾರಿಸುವ ಬಗೆ ತೋರಿಸಿ 1964ರಲ್ಲಿ ನೊಬೆಲ್ ಪಡೆದವರು. ಆ ದಾರಿಯಲ್ಲಿ ಮೊದಲು ಸಿಗುವ ಸ್ಟೆರಾಲ್ ಲ್ಯಾನೊಸ್ಟೆರಾಲ್. ಅದರಲ್ಲಿ 30 ಕಾರ್ಬನ್, ಕೊಲೆಸ್ಟ್ರಾಲ್‌ನಲ್ಲಿ 27. ಒಂದೊಂದು ಕಾರ್ಬನ್ನಿನ ಮೂರು ಪುಟ್ಟ ಮೀಥೈಲ್ ಗುಂಪು ಕೀಳಲು ಜೀವಕೋಶ ಅಷ್ಟೊಂದು ಶ್ರಮ ಯಾಕೆ ಪಡುತ್ತದೆ? ಅದರಲ್ಲೂ ಒಂದು ಮೀಥೈಲ್ ಬೆನ್ನಿನ ಮೇಲೆ ಗಂಟಿನ ಹಾಗೆ ಎದ್ದಿರುತ್ತದೆ, ಬಾಲಗಳನ್ನು ಹತ್ತಿರ ಬರಗೊಡುವುದಿಲ್ಲ. ಸ್ಟೆರಾಲ್ ತಾನೇ ಮಾಡಿಕೊಳ್ಳಲಾಗದ ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಕ್ಕೆ ಬ್ಲಾಕ್ ತಂಡ ಬೇರೆ ಬೇರೆ ಸ್ಟೆರಾಲ್ ಉಣಿಸಿ ನೋಡಿತು. ಮೀಥೈಲ್ ಕಡಿಮೆಯಾದಷ್ಟೂ ಅದು ಚೆನ್ನಾಗಿ ಬೆಳೆಯಿತು, ಪೊರೆಯೂ ಬಿಗಿಯಾಯಿತು.

ಫ್ಲುಕೊನಜೋಲ್ ಮಾತ್ರೆ ಹೊಡೆಯುವುದು ಇಲ್ಲಿಗೇ. ಫಂಗಸ್ ಎರ್ಗೊಸ್ಟೆರಾಲ್ ಮಾಡಿಕೊಳ್ಳುವಾಗ ಆ ಗಂಟು ಕೀಳುವ ಕಿಣ್ವವನ್ನು ಅದು ತಡೆಯುತ್ತದೆ. ಆಂಫೊಟೆರಿಸಿನ್ ನೇರವಾಗಿ ಎರ್ಗೊಸ್ಟೆರಾಲ್‌ಗೇ ಅಂಟಿಕೊಳ್ಳುತ್ತದೆ. ಕೊಲೆಸ್ಟ್ರಾಲ್‌ಗಿಂತ ಎರ್ಗೊಸ್ಟೆರಾಲ್‌ನಲ್ಲಿ ಜಾಸ್ತಿ ಇರುವುದು ಎರಡು ದ್ವಿಬಂಧ (ಕಾರ್ಬನ್‌ಗಳ ನಡುವಿನ ಜೋಡಿ ಕೊಂಡಿ), ತನ್ನದೇ ಬಾಲದಲ್ಲೊಂದು ಮೀಥೈಲ್, ಅಷ್ಟೇ. ಅಷ್ಟರಲ್ಲೇ ಗುರುತು ಹಿಡಿಯಬೇಕು. ಹಾಗಾಗಿ ಒಂದಿಷ್ಟು ನಮ್ಮ ಕೊಲೆಸ್ಟ್ರಾಲ್‌ಗೂ ಅಂಟುತ್ತದೆ. ಅದಕ್ಕೇ ಆ ಇಂಜೆಕ್ಷನ್ ತೆಗೆದುಕೊಂಡವರ ಕಿಡ್ನಿ ಮೇಲೆ ಡಾಕ್ಟರು ಕಣ್ಣಿಟ್ಟಿರುತ್ತಾರೆ.