ಇದ್ದ ಹಾಗೇ ಒಪ್ಪಿಕೊಂಡರೆ ಬದಲಾಗೋದು ಹೇಗೆ?

ಪ್ರಶ್ನೆ: ನನಗೆ ಸಿಟ್ಟು ಜಾಸ್ತಿ. ಮಕ್ಕಳ ಮೇಲೆ ಕೂಗಾಡಿ ಆಮೇಲೆ ಸಂಕಟಪಡುತ್ತೇನೆ. ಮೊದಲು ನಿಮ್ಮನ್ನು ನೀವು ಒಪ್ಪಿಕೊಳ್ಳಿ ಅಂತ ಗೆಸ್ಟಾಲ್ಟ್ ಥೆರಪಿ ಅನ್ನೋ ಮನೋಚಿಕಿತ್ಸೆಯವರು ಹೇಳುತ್ತಾರಂತೆ. ಒಪ್ಪಿಕೊಂಡುಬಿಟ್ಟರೆ ಇನ್ನು ಬದಲಾಗೋದೆಲ್ಲಿ?

ಉತ್ತರ: ಎಷ್ಟೋ ಜನರನ್ನು ಕಾಡುವ ಪ್ರಶ್ನೆ ಇದು. ಅಮೆರಿಕದ ಮನೋವೈದ್ಯ ಆರ್ನಾಲ್ಡ್ ಬೈಸರ್ 1970ರಲ್ಲಿ ಇದರ ಬಗ್ಗೆಯೇ ಒಂದು ಪುಟ್ಟ ಲೇಖನ ಬರೆದರು. ತಾನಲ್ಲದ್ದು ಆಗಲು ಹೆಣಗುವಾಗ ಮನುಷ್ಯ ಬದಲಾಗುವುದಿಲ್ಲ, ತಾನು ಏನೋ ಅದೇ ಆದಾಗ ಬದಲಾಗುತ್ತಾನೆ ಅನ್ನೋದು ಅವರ ವಾದ. ಈ ವಿಚಾರ ಗೆಸ್ಟಾಲ್ಟ್ ಥೆರಪಿ ಕಟ್ಟಿದ ಫ್ರಿಟ್ಜ್ ಪರ್ಲ್ಸ್ ಅವರ ಕೆಲಸದಲ್ಲೇ ಇತ್ತು. ಅದನ್ನು ಬಿಡಿಸಿ ಹೇಳಿದವರು ಬೈಸರ್.

ಬೈಸರ್ ಒಳ್ಳೆಯ ಟೆನಿಸ್ ಆಟಗಾರರಾಗಿದ್ದರು. ಡಾಕ್ಟರ್ ಓದು ಮುಗಿಸಿದ ಸ್ವಲ್ಪ ದಿನಕ್ಕೇ ಪೋಲಿಯೊ ಬಂತು. ಐರನ್ ಲಂಗ್ ಅನ್ನೋ ಉಕ್ಕಿನ ಪೆಟ್ಟಿಗೆಯೊಳಗೆ ಮಲಗಿ ಉಸಿರಾಡಬೇಕಾಯಿತು. ಆಮೇಲೆ ಗಾಲಿಕುರ್ಚಿಯಲ್ಲಿದ್ದುಕೊಂಡೇ ಮನೋವೈದ್ಯರಾಗಿ ದುಡಿದರು. ಅಂಥವರು ಬರೆದದ್ದು ಅಂತ ಗೊತ್ತಾದ ಮೇಲೆ ಆ ಮಾತಿಗೆ ನನ್ನ ಮಟ್ಟಿಗೆ ತೂಕ ಹೆಚ್ಚು.

ಈಗ ನಿಮ್ಮ ಸಿಟ್ಟಿಗೆ ಬರೋಣ. ನಿಮ್ಮೊಳಗೆ ಇಬ್ಬರಿದ್ದಾರೆ ಅಂದುಕೊಳ್ಳಿ. ಒಬ್ಬರು, ‘ನಾಳೆಯಿಂದ ದನಿ ಎತ್ತಕೂಡದು’ ಅಂತ ಗದರುತ್ತಾರೆ. ಇನ್ನೊಬ್ಬರು, ‘ಆಯ್ತು, ನೋಡ್ತೀನಿ’ ಅಂತ ತಲೆಯಾಡಿಸಿ ನುಣುಚಿಕೊಳ್ಳುತ್ತಾರೆ. ಪರ್ಲ್ಸ್ ಇವರನ್ನು ಟಾಪ್‌ಡಾಗ್, ಅಂಡರ್‌ಡಾಗ್ ಅನ್ನುತ್ತಿದ್ದರು. ಗೆಲ್ಲೋದು ಹೆಚ್ಚಾಗಿ ನುಣುಚಿಕೊಳ್ಳುವವರೇ. ನಿಮ್ಮ ಶಕ್ತಿಯೆಲ್ಲ ಈ ಜಗಳಕ್ಕೇ ಖರ್ಚಾಗುತ್ತದೆ, ಸಿಟ್ಟು ಇದ್ದಲ್ಲೇ ಇರುತ್ತದೆ.

ಥೆರಪಿಯಲ್ಲಿ ಇವರಿಬ್ಬರನ್ನೂ ಎದುರುಬದುರು ಕೂರಿಸಬಹುದು. ಎರಡು ಕುರ್ಚಿ. ನೀವೇ ಈ ಕುರ್ಚಿಯಲ್ಲಿ ಕೂತು ಗದರಬೇಕು, ಎದ್ದು ಹೋಗಿ ಆ ಕುರ್ಚಿಯಿಂದ ಉತ್ತರ ಕೊಡಬೇಕು. ನಡುವೆ ಥೆರಪಿಸ್ಟ್ ಕೇಳುತ್ತಾರೆ: ‘ಈಗ ನಿಮ್ಮ ಕೈ ಏನು ಮಾಡ್ತಿದೆ?’ ನೋಡಿಕೊಂಡರೆ ಮುಷ್ಟಿ ಬಿಗಿದಿದೆ. ಅದನ್ನು ಸಡಿಲ ಮಾಡಿ ಅಂತ ಅವರು ಹೇಳುವುದಿಲ್ಲ. ಇನ್ನೂ ಬಿಗಿ ಮಾಡಿ ನೋಡಿ ಅನ್ನಬಹುದು. ಆಗ, ‘ದಿನವಿಡೀ ದುಡಿದು ಸಾಕಾಗಿದೆ, ನನ್ನ ಮಾತು ಈ ಮನೆಯಲ್ಲಿ ಯಾರೂ ಕೇಳಲ್ಲ’ ಅನ್ನೋ ಮಾತು ಹೊರಬರಬಹುದು. ಸಿಟ್ಟಿನ ಕೆಳಗೆ ಇದ್ದದ್ದು ದಣಿವು. ಸಿಟ್ಟನ್ನು ಅದುಮುತ್ತಾ ಕೂತಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಕಂಡ ಮೇಲೆ ಮಾಡಲು ಏನಾದರೂ ಇದೆ: ಸಂಜೆ ಅರ್ಧ ಗಂಟೆ ಕೂರಬಹುದು, ಮನೆಯವರ ನೆರವು ಕೇಳಬಹುದು.

ಒಂದು ಮಾತು ಸ್ಪಷ್ಟವಾಗಿರಲಿ. ಒಪ್ಪಿಕೊಳ್ಳಬೇಕಾದ್ದು ‘ನನಗೆ ಸಿಟ್ಟು ಬಂದಿದೆ’ ಅನ್ನೋದನ್ನು. ಮಕ್ಕಳ ಮೇಲೆ ಕೂಗಾಡಿದ್ದು ಸರಿ ಅಂತಲ್ಲ. ಸಿಟ್ಟಿನಲ್ಲಿ ಕೈ ಮೇಲೇಳುತ್ತಿದ್ದರೆ ಒಬ್ಬರೇ ಇದನ್ನೆಲ್ಲ ಮಾಡಿ ನೋಡುತ್ತಾ ಕೂರಬೇಡಿ. ಇವತ್ತೇ ಒಬ್ಬ ಆಪ್ತಸಲಹೆಗಾರರನ್ನು ಕಾಣಿ. ಯಾರೂ ಗೊತ್ತಿಲ್ಲದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.